ಗುದ್ದು ನೋಡಿ, ಬಟ್ಟೆ ಆಮೇಲೆ

ನಮಸ್ಕಾರ. 2022ರ ಮೇ 19, ಇಸ್ತಾಂಬುಲ್. 52 ಕೆಜಿ ಫೈನಲ್‌ನಲ್ಲಿ ಥಾಯ್ಲೆಂಡಿನ ಬಾಕ್ಸರ್‌ನ 5-0ರಿಂದ ಸೋಲಿಸಿ ನಿಖತ್ ಜರೀನ್ ವಿಶ್ವ ಚಾಂಪಿಯನ್ ಆದರು. ಗೆದ್ದು ಬಂದವರನ್ನ ನಮ್ಮ ಪತ್ರಕರ್ತರು ಏನು ಕೇಳಿದರು ಗೊತ್ತಾ? ಹಿಜಾಬ್ ಬಗ್ಗೆ ಏನಂತೀರಿ ಅಂತ.

ಅದೇ ವರ್ಷ ಮಾರ್ಚ್ 15ಕ್ಕೆ, ತರಗತಿಯಲ್ಲಿ ಹಿಜಾಬ್ ಹಾಕೋ ಬಗ್ಗೆ ಕರ್ನಾಟಕ ಹೈಕೋರ್ಟಿನ ತೀರ್ಪು ಬಂದಿತ್ತು. ಉಡುಪಿಯ ಕಾಲೇಜಲ್ಲಿ ಶುರುವಾದ ಗಲಾಟೆಗೆ ತೆಲಂಗಾಣದ ನಿಜಾಮಾಬಾದಿನ ಬಾಕ್ಸರ್ ಯಾಕೆ ಉತ್ತರ ಕೊಡಬೇಕು? ಹೆಸರು ನಿಖತ್ ಅಂತ ಇದ್ದಿದ್ದಕ್ಕೆ, ಅಲ್ವಾ? ಅದು ಅವರವರ ಇಷ್ಟ ಅಂದರು ಅವರು. ಅಷ್ಟೇ.

ನನಗೆ ಸಿಟ್ಟು ಬರೋದು ಯಾಕಂದ್ರೆ, ಬಟ್ಟೆ ವಿಚಾರ ಅವರನ್ನ ಚಿಕ್ಕಂದಿನಿಂದ ಬಿಟ್ಟಿಲ್ಲ. ಬಾಕ್ಸಿಂಗಲ್ಲಿ ಹುಡುಗಿಯರೇ ಯಾಕಿಲ್ಲ ಅಂತ ಅಪ್ಪನನ್ನ ಕೇಳಿ, ಹಟ ಹಿಡಿದು ಶುರು ಮಾಡಿದ ಮಗು ಅದು. ಹುಡುಗರ ಜೊತೆಯೇ ಅಭ್ಯಾಸ. ಒಂದು ದಿನ ಕಣ್ಣು ಊದಿಸಿಕೊಂಡು ಮನೆಗೆ ಬಂದಾಗ ಅಮ್ಮ ಅತ್ತೇಬಿಟ್ಟರು. ಮುಖ ಹೀಗಾದರೆ ಯಾರಮ್ಮ ಮದುವೆ ಆಗ್ತಾರೆ ಅಂತ. ಹೆಸರು ಬರಲಿ, ಗಂಡುಗಳು ಸಾಲಾಗಿ ನಿಲ್ತಾರೆ ಅಂದಳು ಮಗಳು! ಅಮ್ಮನ ಆ ಅಳು ನನಗೆ ಅರ್ಥ ಆಗುತ್ತೆ. ಮಗಳ ಊದಿದ ಕಣ್ಣಿಗೆ ಅತ್ತಿದ್ದು ಅದು. ಆದರೆ ಚಡ್ಡಿ ಹಾಕಿ ಆಡ್ತಾಳೆ ಅಂತ ಆಡಿಕೊಂಡ ನೆಂಟರು, ಅಕ್ಕಪಕ್ಕದವರು? ಅವರು ಆ ಕಣ್ಣನ್ನ ನೋಡಲೇ ಇಲ್ಲ.

ಇನ್ನೊಂದು ಕಡೆ ಉಲ್ಟಾ. 2016ರಲ್ಲಿ ಅಮೆರಿಕದ ಮಿನ್ನೆಸೋಟಾದಿಂದ ಅಮಾಯಾ ಜಫರ್ ಅನ್ನೋ 16ರ ಹುಡುಗಿ ಪಂದ್ಯಕ್ಕೆ ಅಂತ ಫ್ಲೋರಿಡಾಕ್ಕೆ ಹೋದಳು. ತಲೆಗೆ ಹಿಜಾಬ್, ತುಂಬುತೋಳು, ಲೆಗ್ಗಿಂಗ್ಸ್. ಇದನ್ನೆಲ್ಲ ತೆಗೆದರೆ ಮಾತ್ರ ರಿಂಗಿಗೆ ಬಿಡ್ತೀವಿ ಅಂದರು. ಅವಳು ಒಪ್ಪಲಿಲ್ಲ. ಒಂದು ಗುದ್ದೂ ಬೀಳದೆ ಹೊರಗೆ ಹಾಕಿದರು.

ಒಬ್ಬಳಿಗೆ ಮುಚ್ಚಿಕೋ, ಇನ್ನೊಬ್ಬಳಿಗೆ ತೆಗೆ. ಹೇಳೋರು ಬೇರೆ ಬೇರೆ, ಮಾತು ಮಾತ್ರ ಒಂದೇ. ನೀನು ನಮ್ಮವಳು ಅನ್ನಿಸ್ಕೋಬೇಕಾದ್ರೆ ನಾವು ಹೇಳಿದ ಹಾಗೆ ಉಡು. ಎಡಗೈ ಹೇಗೆ ಬೀಸ್ತೀಯಾ, ಕಾಲು ಎಷ್ಟು ಚುರುಕು ಅಂತ ಕೇಳೋರೇ ಇಲ್ಲ. ರಿಂಗ್ ಇರೋದೇ ಅದಕ್ಕಲ್ವಾ? ತೂಕ ನೋಡ್ತಾರೆ, ಗ್ಲೌಸ್ ಕಟ್ತಾರೆ, ಗಂಟೆ ಹೊಡೀತಾರೆ. ಆ ಹುಡುಗಿಯರು ಅಲ್ಲಿಗೆ ಹೋಗೋದೂ ಅದಕ್ಕೇ.

ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಹಿಜಾಬ್ ಹಾಕಿ ಆಡಬಹುದು ಅಂತ ಒಪ್ಪಿದ್ದು 2019ರಲ್ಲಿ. ಫ್ಲೋರಿಡಾದಲ್ಲಿ ಆವತ್ತು ಅಮಾಯಾ ಎದುರು ಆಡಬೇಕಿದ್ದ ಹುಡುಗಿಗೆ 15 ವರ್ಷ. ಗೆದ್ದಿದ್ದು ನೀನೇ ಅಂತ ಕೈಗೆ ಬೆಲ್ಟ್ ಕೊಟ್ಟರು. ಇದು ಅನ್ಯಾಯ ಅಂದ ಅವಳು, ಸೀದಾ ಹೋಗಿ ಆ ಬೆಲ್ಟನ್ನ ಅಮಾಯಾ ಜೊತೆ ಹಂಚಿಕೊಂಡಳು.