10 ನಿಮಿಷ ಹಿಂದೆ ಬರುವವರು

ಕೇಳುಗರಿಗೆ ನಮಸ್ಕಾರ.

ನಾನು ಗಾಲ್ಫ್ ಕಲಿತಿದ್ದು ಬೇರೆಯವರ ಬ್ಯಾಗ್ ಹೊತ್ತು. ಹದಿನೈದನೇ ವಯಸ್ಸಿಗೆ ಬೆಂಗಳೂರಿನ ಒಂದು ಕೋರ್ಸಿನಲ್ಲಿ ಕ್ಯಾಡಿಯಾಗಿ ಸೇರಿದೆ. ಬೆಳಗಿನ ಜಾವ ಐದಕ್ಕೆಲ್ಲ ಗೇಟಿನ ಹತ್ತಿರ ಸಾಲಾಗಿ ಕೂರುತ್ತಿದ್ದೆವು. ಯಾರ ಬ್ಯಾಗ್ ಸಿಗುತ್ತೋ ಅವರ ಜೊತೆ ಏಳೆಂಟು ಕಿಲೋಮೀಟರ್ ನಡಿಗೆ. ಸೋಮವಾರ ಕೋರ್ಸಿಗೆ ರಜಾ. ಆ ದಿನ ನಮಗೂ ಆಡಲು ಬಿಡುತ್ತಿದ್ದರು. ಹಾಗೆ ಕಲಿತ ಆಟವನ್ನು ಈಗ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ.

ಇವತ್ತು ಆಟಕ್ಕಿಂತ ಆಡುವವರ ನಡವಳಿಕೆ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ನಿಮ್ಮಲ್ಲಿ ಎಷ್ಟೋ ಜನ ಗಾಲ್ಫ್ ಕೋರ್ಸಿನ ಒಳಗೆ ಕಾಲಿಟ್ಟಿರಲಿಕ್ಕಿಲ್ಲ. ಬಸ್ಸಿನಲ್ಲಿ ಹೋಗುವಾಗ ಬೇಲಿಯಾಚೆ ಹಸಿರು ಕಂಡಿರಬಹುದು, ಅಷ್ಟೇ. ಆದರೂ ಕೇಳಿ. ಈ ಆಟ ನಮ್ಮ ಊರಿಗೆ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ.

ಕ್ರಿಕೆಟ್‌ನಲ್ಲಿ ಅಂಪೈರ್ ಇರುತ್ತಾರೆ. ಕಬಡ್ಡಿಯಲ್ಲೂ ಸೀಟಿ ಹಿಡಿದು ಒಬ್ಬರು ನಿಂತಿರುತ್ತಾರೆ. ಗಾಲ್ಫಿನಲ್ಲಿ ಮಾಮೂಲಿ ದಿನ ಯಾರೂ ಇರುವುದಿಲ್ಲ. ಚೆಂಡು ಪೊದೆಯಲ್ಲಿ ಬಿದ್ದಿರುತ್ತದೆ, ನೀವೊಬ್ಬರೇ ಅದರ ಮುಂದೆ ನಿಂತಿರುತ್ತೀರಿ. ತಪ್ಪಾದರೆ ನೀವೇ ಹೇಳಬೇಕು. ಕಡಿಮೆ ಹೊಡೆತದಲ್ಲಿ ಆಟ ಮುಗಿಸಿದವರೇ ಇಲ್ಲಿ ಗೆಲ್ಲುವುದು. 1925ರ ಅಮೆರಿಕನ್ ಓಪನ್‌ನಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಚೆಂಡಿನ ಮುಂದೆ ನಿಂತಾಗ ಅದು ಹುಲ್ಲಿನಲ್ಲಿ ಒಂಚೂರು ಅಲುಗಿತು. ಬೇರೆ ಯಾರೂ ನೋಡಿರಲಿಲ್ಲ. ಅವರೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಕೊನೆಗೆ ಅವರ ಲೆಕ್ಕವೂ ಇನ್ನೊಬ್ಬ ಆಟಗಾರನ ಲೆಕ್ಕವೂ ಸಮವಾಯಿತು. ಗೆದ್ದವರು ಯಾರು ಅಂತ ತೀರ್ಮಾನಿಸಲು ಮತ್ತೆ ಆಡಿಸಿದ ಪ್ಲೇಆಫ್‌ನಲ್ಲಿ ಜೋನ್ಸ್ ಸೋತರು. ಆ ಒಂದು ಹೊಡೆತ ಸೇರಿಸದೇ ಇದ್ದಿದ್ದರೆ ಕಪ್ ಅವರದೇ ಆಗುತ್ತಿತ್ತು.

ಗಾಲ್ಫಿನಲ್ಲಿ ಇನ್ನೊಂದು ವಿಚಿತ್ರ ಇದೆ. ಬೇರೆ ಆಟದಲ್ಲಿ ನೀವು ಯಾರಿಗಾದರೂ ತೊಂದರೆ ಕೊಟ್ಟರೆ ಅವರು ಎದುರಿಗೇ ಇರುತ್ತಾರೆ. ಜಗಳ ಆಡುತ್ತಾರೆ. ಗಾಲ್ಫಿನಲ್ಲಿ ನೀವು ತೊಂದರೆ ಕೊಟ್ಟವರು ಸಾಮಾನ್ಯವಾಗಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅವರು 10 ನಿಮಿಷ ಹಿಂದೆ ಬರುತ್ತಿರುತ್ತಾರೆ. ಇಲ್ಲವೇ 200 ಮೀಟರ್ ಮುಂದೆ ಬಗ್ಗಿ ಕೆಲಸ ಮಾಡುತ್ತಿರುತ್ತಾರೆ. ಕಾಣದೇ ಇರುವವರ ಬಗ್ಗೆ ಯೋಚನೆ ಮಾಡುವುದು ಕಷ್ಟ. ನಾನು ಕಂಡ ಕೆಟ್ಟ ನಡವಳಿಕೆ ಜಾಸ್ತಿ ಹುಟ್ಟಿದ್ದು ಅಲ್ಲೇ.

ಚೆಂಡು ದಾರಿ ತಪ್ಪಿ ಜನರ ಕಡೆ ಹೋದರೆ ಹೊಡೆದವರು 'ಫೋರ್' ಅಂತ ಜೋರಾಗಿ ಕೂಗಬೇಕು. ಅದು ಪದ್ಧತಿ. ಕೂಗು ಕೇಳಿದವರು ತಲೆ ಮುಚ್ಚಿಕೊಂಡು ಕುಕ್ಕರಿಸುತ್ತಾರೆ. ಚೆಂಡಿನ ತೂಕ 46 ಗ್ರಾಂ ಒಳಗೇ ಇರುತ್ತದೆ, ಆದರೆ ಅದು ಕಲ್ಲಿನಷ್ಟು ಗಟ್ಟಿ. ತಲೆಗೆ ಬಿದ್ದರೆ ಜೀವಕ್ಕೇ ಅಪಾಯ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಏಳನೇ ಹೋಲ್‌ನ, ಅಂದರೆ ಚೆಂಡನ್ನು ಏಳನೇ ಗುಳಿಗೆ ಸೇರಿಸುವ ಹಾದಿಯ, ಪಕ್ಕ ಮೂವರು ಹೆಂಗಸರು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ನಮ್ಮ ಸಾಹೇಬರು ಹೊಡೆದ ಚೆಂಡು ಬಲಕ್ಕೆ ತಿರುಗಿತು. ಎಲ್ಲಿಗೆ ಹೋಗುತ್ತಿದೆ ಅಂತ ನಮಗೆಲ್ಲ ಗೊತ್ತಾಯಿತು. ಸಾಹೇಬರು ಬಾಯಿ ಬಿಡಲಿಲ್ಲ. ಕೆಟ್ಟ ಹೊಡೆತ ಅಂತ ಪಕ್ಕದ ಹೋಲ್‌ನವರಿಗೂ ಗೊತ್ತಾಗುತ್ತಲ್ಲ, ಅದಕ್ಕೆ ನಾಚಿಕೆ. ನಾನು ಕೂಗಿದೆ, ಆದರೆ ತಡವಾಗಿತ್ತು. ಚೆಂಡು ಒಬ್ಬಾಕೆಯ ಬುಟ್ಟಿಯ ಪಕ್ಕ, ಒಂದು ಮೊಳ ದೂರದಲ್ಲಿ ಬಿದ್ದು ಪುಟಿಯಿತು. ಆಕೆ ಕೈಯಲ್ಲಿದ್ದ ಕುಡುಗೋಲು ಬಿಟ್ಟು ಹಾಗೇ ಹಿಂದಕ್ಕೆ ಕೂತುಬಿಟ್ಟರು. ನಾವು ಹತ್ತಿರ ಹೋದಾಗ ಸಾಹೇಬರು ಚೆಂಡು ನೋಡಿದರು, ಆಕೆಯನ್ನು ನೋಡಲಿಲ್ಲ. 'ಅವರಿಗೆ ಅಭ್ಯಾಸ ಇರುತ್ತೆ ಬಿಡು' ಅಂದರು. ಆಕೆ ನನ್ನ ಕಡೆ ತಿರುಗಿ, 'ಏನಪ್ಪಾ, ಒಂದು ಕೂಗು ಕೂಗಕ್ಕಾಗಲ್ವಾ ಅವರಿಗೆ?' ಅಂತ ಕೇಳಿದರು. ಬೈಯಲಿಲ್ಲ. ಬರೀ ಕೇಳಿದರು. ಆ ಪ್ರಶ್ನೆ ನನಗೆ ಇನ್ನೂ ಹಾಗೇ ಕೇಳಿಸುತ್ತದೆ.

ಇನ್ನು ಗ್ರೀನ್. ಗುಳಿ ಇರುವ ಜಾಗದ ಸುತ್ತ ರತ್ನಗಂಬಳಿ ಥರ ಕತ್ತರಿಸಿದ ಹುಲ್ಲಿನ ನೆಲ ಇರುತ್ತದಲ್ಲ, ಅದು. ಗುಳಿಯ ಅಗಲ 108 ಮಿಲಿಮೀಟರ್. ಅದರೊಳಗೆ ಚೆಂಡು ಉರುಳಿಸಬೇಕು. ನೆಲ ಒಂಚೂರು ಏರುಪೇರಾದರೂ ಚೆಂಡು ಪಕ್ಕಕ್ಕೆ ಹೋಗುತ್ತದೆ. ದೂರದಿಂದ ಎತ್ತರಕ್ಕೆ ಹೊಡೆದ ಚೆಂಡು ಗ್ರೀನ್ ಮೇಲೆ ಬಿದ್ದಾಗ ಅಲ್ಲೊಂದು ತಗ್ಗು ಆಗುತ್ತದೆ. ಮಳೆಗಾಲದಲ್ಲಂತೂ ಹೆಬ್ಬೆರಳು ಒತ್ತಿದ ಹಾಗೆ ಆಳಕ್ಕೆ ಬೀಳುತ್ತದೆ. ಯಾರ ಚೆಂಡಿನಿಂದ ಆಯಿತೋ ಅವರೇ ಅದನ್ನು ಸರಿಮಾಡಬೇಕು. ಕೂಡಲೇ ಸರಿಮಾಡಿದರೆ ಕೆಲವೇ ದಿನಗಳಲ್ಲಿ ಹುಲ್ಲು ಕೂಡಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಅಲ್ಲಿ ಹುಲ್ಲು ಸತ್ತು, ವಾರಗಟ್ಟಲೆ ಕಂದು ಕಲೆ ಉಳಿಯುತ್ತದೆ.

ಸರಿಮಾಡುವ ರೀತಿ ಹೇಳಿಬಿಡುತ್ತೇನೆ, ಎಷ್ಟೋ ಹಳಬರೂ ತಪ್ಪು ಮಾಡುತ್ತಾರೆ. ಎರಡು ಹಲ್ಲಿನ ಪುಟ್ಟ ಫೋರ್ಕ್ ಇರುತ್ತದೆ. ಅದನ್ನು ತಗ್ಗಿನ ಅಂಚಿಗೆ ಚುಚ್ಚಿ, ಸುತ್ತಲಿನ ಹುಲ್ಲನ್ನು ನಡುವಿಗೆ ತಳ್ಳಬೇಕು. ಗಾಯದ ಅಂಚು ಕೂಡಿಸಿದ ಹಾಗೆ. ಅಡಿಯಿಂದ ಮೇಲಕ್ಕೆ ಎತ್ತಬಾರದು, ಬೇರು ಕಿತ್ತು ಬರುತ್ತದೆ. ಆಮೇಲೆ ಪಟ್ಟರ್‌ನಿಂದ, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಕೋಲಿನಿಂದ, ಮೆಲ್ಲಗೆ ಒತ್ತಬೇಕು. 10 ಸೆಕೆಂಡ್ ಕೆಲಸ. ಆದರೆ ಅದಕ್ಕೆ ಬಗ್ಗಬೇಕು. ಲಕ್ಷಗಟ್ಟಲೆ ಕೊಟ್ಟು ಸದಸ್ಯರಾದವರು ಬಗ್ಗುವುದಿಲ್ಲ. ಕ್ಯಾಡಿ ಕಡೆ ಕಣ್ಣು ಹಾಯಿಸುತ್ತಾರೆ, ಇಲ್ಲವೇ ಸುಮ್ನೆ ದಾಟಿ ಹೋಗುತ್ತಾರೆ.

ಸಿಟ್ಟು ಬಂದಾಗ ಇನ್ನೂ ಕಷ್ಟ. ಕ್ಲಬ್ ಅಂದರೆ ಚೆಂಡು ಹೊಡೆಯುವ ಕೋಲು, ಅದನ್ನು ಎಸೆಯುವುದು, ಪಟ್ಟರ್ ಹಿಡಿದು ಗ್ರೀನ್ ಕುಟ್ಟುವುದು ಇವನ್ನೆಲ್ಲ ನಾನು ಎಷ್ಟೋ ಸಲ ನೋಡಿದ್ದೇನೆ. ದೊಡ್ಡವರೂ ಮಾಡಿದ್ದಾರೆ. 2017ರಲ್ಲಿ ಮಾಸ್ಟರ್ಸ್ ಅನ್ನುವ ದೊಡ್ಡ ಟೂರ್ನಿ ಗೆದ್ದ ಸ್ಪೇನಿನ ಸೆರ್ಗಿಯೊ ಗಾರ್ಸಿಯಾ 2019ರಲ್ಲಿ ಸೌದಿ ಅರೇಬಿಯಾದ ಟೂರ್ನಿಯಲ್ಲಿ ಸಿಟ್ಟಿನಿಂದ ಗ್ರೀನ್‌ಗಳನ್ನು ಹಾಳು ಮಾಡಿದರು. ಅವರನ್ನು ಟೂರ್ನಿಯಿಂದಲೇ ಹೊರಗೆ ಹಾಕಿದರು. ಆಮೇಲೆ ಅವರು ಕ್ಷಮೆ ಕೇಳಿದರು. ಸರಿಯಾಗಿಯೇ ಆಯಿತು. ಅವರ ಹಿಂದೆ ಆಡುತ್ತಿದ್ದವರು ಏನು ತಪ್ಪು ಮಾಡಿದ್ದರು?

ನಿಧಾನದ ಆಟದ ಬಗ್ಗೆ ಹೇಳದೇ ಇದ್ದರೆ ಆಗಲ್ಲ. ಭಾನುವಾರ ಬೆಳಿಗ್ಗೆ ನಾಲ್ಕು ನಾಲ್ಕು ಜನರ ತಂಡಗಳು ಸರಪಳಿ ಥರ ಒಂದರ ಹಿಂದೆ ಒಂದು ಹೊರಡುತ್ತವೆ. ನಡುವೆ ಒಂದು ತಂಡ ತಡಮಾಡಿದರೆ ಅದರ ಹಿಂದಿರುವ ಎಲ್ಲರೂ ನಿಲ್ಲಬೇಕು. ಒಂದು ಲೆಕ್ಕ ಹಾಕೋಣ. ಒಬ್ಬರು ಸುಮಾರು 90 ಹೊಡೆತದಲ್ಲಿ ಆಟ ಮುಗಿಸುತ್ತಾರೆ ಅಂದುಕೊಳ್ಳಿ. ನಾಲ್ವರಿಗೆ 360 ಹೊಡೆತ. ಒಂದೊಂದಕ್ಕೂ ಬರೀ 15 ಸೆಕೆಂಡ್ ಜಾಸ್ತಿ ತೆಗೆದುಕೊಂಡರೂ ಒಟ್ಟು ಒಂದೂವರೆ ಗಂಟೆ ಆಯಿತು! ಆ ಒಂದೂವರೆ ಗಂಟೆ ಹಿಂದಿನವರ ಭಾನುವಾರದಿಂದ ಹೋಯಿತು. ಅವರ ಕ್ಯಾಡಿಗಳಿಗಂತೂ ಎರಡನೇ ಬ್ಯಾಗ್ ಸಿಗದೆ ಅರ್ಧ ದಿನದ ಸಂಪಾದನೆ ಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

1744ರಲ್ಲಿ ಸ್ಕಾಟ್‌ಲೆಂಡಿನ ಲೀತ್‌ನಲ್ಲಿ ಗಾಲ್ಫಿಗೆ 13 ನಿಯಮ ಬರೆದಿದ್ದರು. ಗುಳಿಯಿಂದ ಯಾರ ಚೆಂಡು ದೂರ ಇದೆಯೋ ಅವರೇ ಮೊದಲು ಆಡಬೇಕು ಅನ್ನುವುದು ಅದರಲ್ಲೇ ಇತ್ತು. 2019ರಲ್ಲಿ ನಿಯಮಗಳನ್ನು ತಿದ್ದಿದಾಗ, ಹೊಡೆತಗಳ ಲೆಕ್ಕದ ಆಟದಲ್ಲಿ ಅಪಾಯವಿಲ್ಲದಿದ್ದರೆ ಯಾರು ತಯಾರಿದ್ದಾರೋ ಅವರು ಆಡಿ ಅಂತ ಪ್ರೋತ್ಸಾಹ ಕೊಟ್ಟರು. ಕಳೆದುಹೋದ ಚೆಂಡು ಹುಡುಕಲು ಮೊದಲು 5 ನಿಮಿಷ ಇತ್ತು, ಅದನ್ನು 3ಕ್ಕೆ ಇಳಿಸಿದರು. ನಿಮ್ಮ ಸರದಿ ಬಂದ ಮೇಲೆ 40 ಸೆಕೆಂಡ್ ಒಳಗೆ ಹೊಡೆಯಿರಿ ಅಂತ ಸಲಹೆಯನ್ನೂ ಸೇರಿಸಿದರು. ಇಷ್ಟಾದರೂ ಹಳೆಯ ಚೆಂಡೊಂದಕ್ಕೆ ಹತ್ತು ನಿಮಿಷ ಪೊದೆ ಬಡಿಯುವವರು ಇದ್ದಾರೆ. ಹಿಂದಿನವರು ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತಾರೆ. 'ನೀವು ಮುಂದೆ ಹೋಗಿ' ಅಂತ ಕೈ ತೋರಿಸಲು ಏನು ಕಷ್ಟ? ದಾರಿ ಬಿಟ್ಟರೆ ಮರ್ಯಾದೆ ಕಡಿಮೆಯಾಗುತ್ತೆ ಅಂದುಕೊಂಡಿದ್ದಾರೆ.

ಫೋನಿನಲ್ಲಿ ಕೂಗಾಡುವುದು, ಇನ್ನೊಬ್ಬರು ಕ್ಲಬ್ ಎತ್ತಿದಾಗಲೇ ಗ್ಲೌಸಿನ ವೆಲ್ಕ್ರೋ ಚರ್ ಅಂತ ಬಿಚ್ಚುವುದು, ಬೆಳಗಿನ ಎಳೆಬಿಸಿಲಿನಲ್ಲಿ ತಮ್ಮ ಉದ್ದನೆಯ ನೆರಳು ಇನ್ನೊಬ್ಬರ ಚೆಂಡಿನ ಮೇಲೆ ಬೀಳುವ ಹಾಗೆ ನಿಲ್ಲುವುದು ಇವೆಲ್ಲ ಗೊತ್ತಾಗದೆ ಆಗುವ ತಪ್ಪುಗಳು. ಒಂದು ಸಲ ಮೆಲ್ಲಗೆ ಹೇಳಿದರೆ ಜನ ತಿದ್ದಿಕೊಳ್ಳುತ್ತಾರೆ.

ಆದರೆ ಕೇಳದೇ ಪಾಠ ಹೇಳುವವರನ್ನು ತಿದ್ದುವುದು ಕಷ್ಟ. ವಿಶೇಷವಾಗಿ ಹೆಣ್ಣುಮಕ್ಕಳು ಆಡುವಾಗ. ನನ್ನ ಹತ್ತಿರ ಕಲಿಯುವ ಹುಡುಗಿಯೊಬ್ಬಳು ಇದ್ದಾಳೆ. ಮೂರು ವರ್ಷ ದಿನಾ ಬೆಳಿಗ್ಗೆ ಬೆವರು ಸುರಿಸಿದ್ದಾಳೆ. ಅವಳು ಒಂದು ಹೊಡೆತ ತಪ್ಪಿದರೆ ಸಾಕು, ಪಕ್ಕದ ಗಂಡಸರೆಲ್ಲ ಶುರು. 'ತಲೆ ಎತ್ತಿದೆ ಕಣಮ್ಮ', 'ಮೊಣಕೈ ಮಡಚಬೇಡ'. ಅವರಲ್ಲಿ ಯಾರೂ ಅವಳಷ್ಟು ಚೆನ್ನಾಗಿ ಆಡುವುದಿಲ್ಲ. ಇನ್ನೊಂದು ಗೊತ್ತಾ? ಹೊಡೆತಗಳ ಲೆಕ್ಕದ ಸ್ಪರ್ಧೆಯಲ್ಲಿ ಹಾಗೆ ಎದುರಾಳಿಗೆ ಸಲಹೆ ಕೊಟ್ಟರೆ ಎರಡು ಹೊಡೆತದ ದಂಡ ಬೀಳುತ್ತದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಅದಿತಿ ಅಶೋಕ್ ನಮ್ಮ ಬೆಂಗಳೂರಿನವರು. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು. ಅಲ್ಲಿ ಅವರ ಬ್ಯಾಗ್ ಹೊತ್ತವರು ಅವರ ತಾಯಿ. ಬ್ಯಾಗ್ ಹೊರುವ ಕೆಲಸದ ಬೆಲೆ ಏನು ಅಂತ ಆ ನಾಲ್ಕು ದಿನ ಟಿವಿಯಲ್ಲಿ ಇಡೀ ದೇಶ ನೋಡಿತು.

ಕ್ಯಾಡಿಗಳ ವಿಷಯಕ್ಕೆ ಬಂದೆ. ಹೊಡೆತ ಚೆನ್ನಾಗಿ ಬಂದರೆ ಅದು ಸಾಹೇಬರದ್ದು, ಕೆಟ್ಟರೆ ಕ್ಯಾಡಿಯದ್ದು. 'ನೀನು ಕೊಟ್ಟ ಕ್ಲಬ್ಬೇ ತಪ್ಪು' ಅನ್ನುತ್ತಾರೆ. ಅಪ್ಪನ ವಯಸ್ಸಿನವರನ್ನು 'ಏ, ಬಾರೋ' ಅಂತ ಕರೆಯುತ್ತಾರೆ. ಬಿಡದಿ ಹತ್ತಿರದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಕೂಡ ಕ್ಯಾಡಿಯಾಗಿಯೇ ಈ ಆಟಕ್ಕೆ ಬಂದವರು. ಆಮೇಲೆ ವೃತ್ತಿಪರರಾಗಿ ದೊಡ್ಡ ಟೂರ್ನಿಗಳನ್ನು ಗೆದ್ದರು. ಬ್ಯಾಗ್ ಹೊತ್ತು ಪಕ್ಕದಲ್ಲಿ ನಿಂತ ಹುಡುಗನಿಗೆ ಆಟ ಗೊತ್ತಿಲ್ಲ ಅಂದುಕೊಳ್ಳಬೇಡಿ.

ಬೈಗುಳಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ದಿನ ನಮ್ಮ ಸಾಹೇಬರ ಚೆಂಡು ಮರದ ಬೇರಿನ ಸಂದಿಗೆ ಸೇರಿಕೊಂಡಿತ್ತು. ಹೊಡೆಯುವ ಹಾಗೇ ಇರಲಿಲ್ಲ. ನಾಲ್ವರ ನಡುವೆ ದುಡ್ಡಿನ ಪಂದ್ಯ ಇತ್ತು. ಅವರು ನನಗಿಂತ ಮೂವತ್ತು ಹೆಜ್ಜೆ ಹಿಂದೆ ನಿಂತು, 'ಸ್ವಲ್ಪ ನೋಡ್ಕೊಳ್ಳೋ' ಅಂದರು. ನನಗೆ ಅರ್ಥವಾಯಿತು. ಬ್ಯಾಗ್ ಕೆಳಗಿಡುವ ನೆಪದಲ್ಲಿ ಕಾಲಿನ ತುದಿಯಿಂದ ಚೆಂಡನ್ನು ಹುಲ್ಲಿಗೆ ತಳ್ಳಿದೆ. ಅವರು ಹೊಡೆದರು, ಹೋಲ್ ಗೆದ್ದರು. ಆ ದಿನ ನನಗೆ ಮಾಮೂಲಿಗಿಂತ 20 ರೂಪಾಯಿ ಜಾಸ್ತಿ ಸಿಕ್ಕಿತು. ಸೋತವರ ಬ್ಯಾಗ್ ಹೊತ್ತಿದ್ದವನು ನನ್ನ ಪಕ್ಕದ ಮನೆಯ ಹುಡುಗ. ಅವನು ನೋಡಿದ್ದ. ವಾಪಸ್ ಹೋಗುವಾಗ ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ತಾವು ಸುಳ್ಳು ಆಡಿ ಗೆಲ್ಲುವುದು ಒಂದು ತಪ್ಪು. ಆ ಸುಳ್ಳನ್ನು ಇಲ್ಲ ಅನ್ನಲಾಗದ ಹುಡುಗನ ಕಾಲಿನಿಂದ ಮಾಡಿಸುವುದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಒಳ್ಳೆಯವರೂ ಇದ್ದರು. ಒಬ್ಬರು ಹಿರಿಯರು, ಮೊಣಕಾಲು ನೋವಿನವರು, ಪ್ರತಿ ಗ್ರೀನ್ ಮೇಲೂ ಪಟ್ಟರ್ ಊರಿಕೊಂಡು ಬಗ್ಗಿ ತಮ್ಮ ಚೆಂಡಿನಿಂದಾದ ತಗ್ಗು ಸರಿಮಾಡುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬರದ್ದು ಕಂಡರೆ ಅದನ್ನೂ ಮಾಡುತ್ತಿದ್ದರು. 'ನಾನು ಮಾಡ್ತೀನಿ ಸಾರ್' ಅಂದರೆ ಬಿಡುತ್ತಿರಲಿಲ್ಲ. ಆಟ ನಿಲ್ಲಿಸಿದ ವರ್ಷ ಅವರ ಫೋರ್ಕ್ ನನಗೆ ಕೊಟ್ಟರು. ಹಿತ್ತಾಳೆಯದ್ದು, ಸವೆದು ಹಲ್ಲು ಗಿಡ್ಡವಾಗಿದೆ. ನನ್ನ ಹತ್ತಿರ ಬರುವ ಮಕ್ಕಳು ಮೊದಲ ದಿನ ಕ್ಲಬ್ ಮುಟ್ಟುವುದಿಲ್ಲ. ಆ ಫೋರ್ಕ್ ಹಿಡಿದು ಗ್ರೀನ್ ಮೇಲೆ ಮಂಡಿಯೂರುತ್ತಾರೆ.

ಮೊನ್ನೆ ಸಂಜೆ ಒಂಬತ್ತು ವರ್ಷದ ಹುಡುಗಿಯ ಚೆಂಡು ಬಂಕರ್‌ಗೆ ಬಿತ್ತು. ಬಂಕರ್ ಅಂದರೆ ಮರಳಿನ ಹಳ್ಳ. ನಾಲ್ಕು ಸಲ ಹೊಡೆದ ಮೇಲೆ ಚೆಂಡು ಹೊರಗೆ ಬಂತು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಬೆಳಕು ಹೋಗುತ್ತಿತ್ತು, ನಮ್ಮದೇ ಕೊನೆಯ ತಂಡ. 'ಸಾಕು ಪುಟ್ಟಿ, ಬಾ, ಹಿಂದೆ ಯಾರೂ ಇಲ್ಲ' ಅಂದೆ. ಅವಳು ಬರಲಿಲ್ಲ. ಪಕ್ಕದಲ್ಲಿದ್ದ ರೇಕ್ ತೆಗೆದುಕೊಂಡಳು, ಹಲ್ಲಿರುವ ಕುಂಟೆ ಥರದ್ದು, ಅವಳಿಗಿಂತ ಉದ್ದ. ಹಿಂದೆ ಹಿಂದೆ ನಡೆಯುತ್ತಾ, ಮರಳು ಎಳೆದು, ತನ್ನ ಹೆಜ್ಜೆಗಳನ್ನು ಒಂದೊಂದಾಗಿ ಅಳಿಸಿದಳು. ಅಂಚಿಗೆ ಬಂದು ರೇಕ್ ಕೆಳಗಿಟ್ಟು, 'ನಾಳೆ ಬೆಳಿಗ್ಗೆ ಬರ್ತಾರಲ್ಲ ಸಾರ್' ಅಂದಳು.

ನಮಸ್ಕಾರ.