ಸೊಪ್ಪು ಬಸಿದು ಮಾಡುವ ಉರ್ಲಗಡ್ಡೆ ಬೇಕ್

ಕೇಳುಗರಿಗೆಲ್ಲ ನಮಸ್ಕಾರ.

ನಾನು ಚಿಕ್ಕಬಳ್ಳಾಪುರದವಳು. ನಮ್ಮ ಕಡೆ ಹಿರಿಯರು ಆಲೂಗಡ್ಡೆಗೆ ಈಗಲೂ ಉರ್ಲಗಡ್ಡೆ ಅಂತಲೇ ಹೇಳುತ್ತಾರೆ. ನಾನು ಚಿಕ್ಕವಳಿದ್ದಾಗ ಡಿಸೆಂಬರ್ ಚಳಿಯಲ್ಲಿ ಅಜ್ಜಿ ಹಂಡೆ ಒಲೆಯ ಬಿಸಿ ಬೂದಿಯೊಳಗೆ ನಾಲ್ಕು ಉರ್ಲಗಡ್ಡೆ ಹೂತಿಡುತ್ತಿದ್ದರು. ಎಲ್ಲರ ಸ್ನಾನ ಮುಗಿಯುವ ಹೊತ್ತಿಗೆ ಅವು ಹದವಾಗಿ ಬೆಂದಿರುತ್ತಿದ್ದವು. ಸುಟ್ಟ ಸಿಪ್ಪೆ ಸುಲಿದು, ಉಪ್ಪು ಮುಟ್ಟಿಸಿ, ಒಂದು ಚೂರು ಬೆಣ್ಣೆ ಸವರಿ ಕೈಗಿಡುತ್ತಿದ್ದರು. ಹೊಟ್ಟೆ ಬೆಚ್ಚಗಾಗುತ್ತಿತ್ತು.

ಆ ಬೆಚ್ಚನೆ ರುಚಿಗೆ ಹತ್ತಿರವಾದ ಒಂದು ಅಡುಗೆ ಇವತ್ತು ಹೇಳುತ್ತೇನೆ. ಆಲೂಗಡ್ಡೆ, ಸೊಪ್ಪು, ಚೀಸ್ ಸೇರಿಸಿ ಓವನ್‌ನಲ್ಲಿ ಬೇಯಿಸುವುದು. ಫ್ರಾನ್ಸಿನವರು ಆಲೂಗಡ್ಡೆ ಬಿಲ್ಲೆಗಳನ್ನು ಹಾಲು, ಕೆನೆಯಲ್ಲಿ ಬೇಯಿಸಿ ಮೇಲೆ ಕೆಂಪಗಾಗಿಸುತ್ತಾರೆ. ಅದಕ್ಕೆ ಗ್ರಾಟಿನ್ ಅನ್ನುತ್ತಾರೆ. ಐರ್ಲೆಂಡಿನವರು ಬೇಯಿಸಿದ ಆಲೂಗಡ್ಡೆಗೆ ಎಲೆಕೋಸು ಇಲ್ಲವೇ ಕೇಲ್ ಸೊಪ್ಪು ಬೆರೆಸಿ, ಹಿಸುಕಿ, ಬೆಣ್ಣೆ ಹಾಕಿ ತಿನ್ನುತ್ತಾರೆ. ನಾನು ಮಾಡುವುದು ಇವೆರಡರ ನಡುವಿನದು.

ಮೊದಲ ಸಲ ಮಾಡಿದಾಗ ಸೊಪ್ಪನ್ನು ಹಸಿಯಾಗಿಯೇ ಹೆಚ್ಚಿ ಹಾಕಿದ್ದೆ. ಮೇಲೆ ಚೀಸ್ ಚೆನ್ನಾಗಿ ಕೆಂಪಾಗಿತ್ತು. ಚಮಚ ಹಾಕಿದರೆ ಕೆಳಗೆಲ್ಲ ಹಸಿರು ನೀರು. ಮನೆಗೆ ನೆಂಟರು ಬಂದಿದ್ದರು, ತುಂಬಾ ಬೇಜಾರಾಯಿತು. ಸೊಪ್ಪಿನಲ್ಲಿ ಹೆಚ್ಚಿನ ಪಾಲು ನೀರೇ ಅಲ್ವಾ? ಆಮೇಲೆ ಅತ್ತೆ ಹೇಳಿದರು: "ಬಸ್ಸಾರಿಗೆ ಸೊಪ್ಪು ಬಸೀತೀಯಲ್ಲಮ್ಮ, ಇದಕ್ಕೂ ಹಂಗೇ ಬಸಿ." ಅಷ್ಟೇ. ಅವತ್ತಿನಿಂದ ಈ ಅಡುಗೆ ಕೆಟ್ಟಿಲ್ಲ.

ಐದು ಜನಕ್ಕೆ ಮುಕ್ಕಾಲು ಕೆ.ಜಿ. ಆಲೂಗಡ್ಡೆ, ಎರಡು ಕಟ್ಟು ಸೊಪ್ಪು ಬೇಕು. ಪಾಲಕ್, ಎಳೆ ದಂಟಿನ ಸೊಪ್ಪು, ಚಕ್ಕೋತ ಸೊಪ್ಪು, ಯಾವುದಾದರೂ ಸರಿ. ಸಬ್ಬಸಿಗೆ ಒಂದು ಹಿಡಿ ಸಾಕು, ಜಾಸ್ತಿಯಾದರೆ ಅದರ ವಾಸನೆಯೇ ಮುಂದಾಗುತ್ತದೆ. ಪುಂಡಿ ಸೊಪ್ಪು, ಹುಳಿಸೊಪ್ಪು ಬೇಡ. ಹುಳಿಗೆ ಹಾಲು ಒಡೆಯುತ್ತದೆ.

ಮೂರು ಲೋಟ ನೀರು ಕುದಿಸಿ, ಸೊಪ್ಪು ಹಾಕಿ. ಮೆತ್ತಗಾದ ಕೂಡಲೇ ಬಸಿಯಿರಿ. ಬಸಿದ ನೀರು ಚೆಲ್ಲಬೇಡಿ, ದಯವಿಟ್ಟು. ಅದಕ್ಕೆ ಒಂದು ಹಿಡಿ ಬೆಂದ ಸೊಪ್ಪು, ಬೆಂದ ತೊಗರಿಬೇಳೆ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆಹಣ್ಣು ರುಬ್ಬಿ ಹಾಕಿ ಕುದಿಸಿದರೆ ಮುದ್ದೆಗೆ ಬಸ್ಸಾರು ಆಯಿತು. ಉಳಿದ ಸೊಪ್ಪು ತಣ್ಣಗಾದ ಮೇಲೆ ಎರಡು ಕೈಯಲ್ಲಿ ಗಟ್ಟಿಯಾಗಿ ಹಿಂಡಿ. ಹಿಂಡಿದಷ್ಟೂ ನೀರು ಬರುತ್ತದೆ. ಇನ್ನು ಬರುವುದಿಲ್ಲ ಅನ್ನಿಸಿದ ಮೇಲೆ ಇನ್ನೊಂದು ಸಲ ಹಿಂಡಿ. ಆಮೇಲೆ ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಆರು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ ಜೊತೆ ಎರಡು ನಿಮಿಷ ಬಾಡಿಸಿ.

ಆಲೂಗಡ್ಡೆಯದು ಇದಕ್ಕೆ ತಿರುಗುಮುರುಗು. ಸಿಪ್ಪೆ ತೆಗೆಯುವ ಮುಂಚೆಯೇ ತೊಳೆಯಿರಿ. ತೆಳ್ಳಗೆ ಬಿಲ್ಲೆ ಮಾಡಿದ ಮೇಲೆ ನೀರು ಸೋಕಿಸಬೇಡಿ. ಬಿಲ್ಲೆಯ ಮೈಮೇಲಿರುವ ಪಿಷ್ಟವೇ ಹಾಲನ್ನು ಗಟ್ಟಿ ಮಾಡುತ್ತದೆ, ಮೈದಾ ಬೇಕಾಗುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಎರಡು ಲೋಟ ಗಟ್ಟಿ ಹಾಲು, ಕಾಳುಮೆಣಸಿನ ಪುಡಿ, ಸ್ವಲ್ಪವೇ ಉಪ್ಪು ಹಾಕಿ ಬಿಲ್ಲೆಗಳನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ತಳ ಹಿಡಿಯದಂತೆ ಮೆಲ್ಲಗೆ ಕೈಯಾಡಿಸುತ್ತಿರಿ. ಉಪ್ಪು ಕಡಿಮೆ ಯಾಕೆಂದರೆ ಚೀಸ್‌ನಲ್ಲೇ ಉಪ್ಪಿದೆ.

ಹಸಿರು ತಿರುಗಿದ ಗಡ್ಡೆ ಬಳಸಬೇಡಿ, ಅದು ಕಹಿ, ದೇಹಕ್ಕೂ ಒಳ್ಳೆಯದಲ್ಲ. ಫ್ರಿಜ್ಜಿನಲ್ಲೂ ಇಡಬೇಡಿ. ಆ ತಂಪಿಗೆ ಪಿಷ್ಟ ಸಕ್ಕರೆಯಾಗಿ, ಬೇಕ್ ಮಾಡುವಾಗ ಬೇಗ ಕಪ್ಪಾಗುತ್ತದೆ.

ಬೆಣ್ಣೆ ಸವರಿದ ತಟ್ಟೆಯಲ್ಲಿ ಒಂದು ಪದರ ಆಲೂಗಡ್ಡೆ, ಒಂದು ಪದರ ಸೊಪ್ಪು, ಮತ್ತೆ ಆಲೂಗಡ್ಡೆ. ಉಳಿದ ಹಾಲು ಮೇಲೆ ಸುರಿಯಿರಿ. ಮೇಲೆ ನೂರು ಗ್ರಾಂ ತುರಿದ ಚೀಸ್. ಅಂಗಡಿಯ ಪ್ರೊಸೆಸ್ಡ್ ಚೀಸ್ ಆದರೂ ಸರಿ, ಮೊಝರೆಲ್ಲಾ ಆದರೆ ಎಳೆ ಎಳೆಯಾಗಿ ಬರುತ್ತದೆ. ಪನೀರ್ ಹುಳಿ ಹಾಕಿ ಒಡೆಸಿದ್ದು, ಕರಗುವುದಿಲ್ಲ. ಬೇಕಿದ್ದರೆ ಸೊಪ್ಪಿನ ಜೊತೆ ಪುಡಿ ಮಾಡಿ ಹಾಕಿಕೊಳ್ಳಿ. ಮೊದಲೇ ಕಾದ ಓವನ್‌ನಲ್ಲಿ 190 ಡಿಗ್ರಿಯಲ್ಲಿ 25 ನಿಮಿಷ ಇಡಿ.

ಓವನ್ ಇಲ್ಲವೇ? ದಪ್ಪ ಬಾಣಲೆಗೆ ಬೆರಳು ದಪ್ಪ ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ತಟ್ಟೆ ಇಟ್ಟು ಮತ್ತೆ ಮುಚ್ಚಿ, ಹದ ಉರಿಯಲ್ಲಿ ಅರ್ಧ ಗಂಟೆ. ಮೇಲ್ಭಾಗ ಕೆಂಪಾಗುವುದಿಲ್ಲ, ಅದಕ್ಕೆ ಬ್ರೆಡ್ ಪುಡಿಯನ್ನು ತುಪ್ಪದಲ್ಲಿ ಹೊಂಬಣ್ಣ ಬರುವಂತೆ ಹುರಿದು ಕೊನೆಗೆ ಉದುರಿಸಿ. ನನಗೆ ಇದೇ ಜಾಸ್ತಿ ಇಷ್ಟ, ಗರಿಗರಿ ಇರುತ್ತದೆ.

ಇಳಿಸಿದ ಕೂಡಲೇ ಬಡಿಸಬೇಡಿ. ಹತ್ತು ನಿಮಿಷ ಬಿಡಿ, ಹಾಲು ಆಲೂಗಡ್ಡೆಗೆ ಕಚ್ಚಿಕೊಳ್ಳುತ್ತದೆ. ಆ ಹತ್ತು ನಿಮಿಷದಲ್ಲಿ ನಾನು ಮುದ್ದೆ ಕಟ್ಟುತ್ತೇನೆ. ಅತ್ತೆಗೆ ಈಗ ಹಲ್ಲಿಲ್ಲ. ಮುದ್ದೆ ಬಸ್ಸಾರು ನುಂಗಿ, ಪಕ್ಕದಲ್ಲಿ ಈ ಮೆತ್ತನೆ ಉರ್ಲಗಡ್ಡೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಮಕ್ಕಳು ತಟ್ಟೆಯ ಮೂಲೆಗೆ ಅಂಟಿದ ಕೆಂಪು ಚೀಸ್ ಕೆರೆಯಲು ಚಮಚ ಹಿಡಿದು ಕಾಯುತ್ತಿರುತ್ತಾರೆ.

ನಮಸ್ಕಾರ.