ಶೆಟ್ರ ಡಿವಿಡಿ, ಶಿಲ್ಕಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ, ಎರಡು ಮಹಡಿ ಕೆಳಗೆ, ಒಬ್ಬರು ಶೆಟ್ರಿದ್ದಾರೆ. 40 ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. ಮೊನ್ನೆ ಒಂದು ಡಿವಿಡಿ ಹಿಡಿದುಕೊಂಡು ಬಂದರು. ಮಾಟುಂಗದಲ್ಲಿ ಹಿಂದೊಮ್ಮೆ ಆಗಿದ್ದ ಯಕ್ಷಗಾನದ ರೆಕಾರ್ಡಿಂಗ್. "ಇದ್ರಲ್ಲಿ ಭೀಮನ ಪ್ರವೇಶ ಒಂದು ಸಾಕು ಮಾರಾಯ್ರೆ, ಮೊಬೈಲಿಗೆ ಹಾಕಿ ಕೊಡಿ, ಲೋಕಲ್ಲಲ್ಲಿ ನೋಡ್ಲಿಕ್ಕೆ" ಅಂದರು.

ಅವರ ಮಗ ಆಗಲೇ ಕೈಯಾಡಿಸಿದ್ದ. ಫೈಲಿನ ಹೆಸರಿನ ತುದಿಯಲ್ಲಿದ್ದ ವಿಒಬಿ ಅಳಿಸಿ ಎಂಪಿ4 ಅಂತ ಬರೆದಿದ್ದ. ಡಬ್ಬದ ಚೀಟಿ ಬದಲಾದರೆ ಮೆಣಸು ಏಲಕ್ಕಿಯಾದೀತೇ? ವಿಒಬಿ, ಎಂಪಿ4, ಎಂಕೆವಿ ಎಲ್ಲ ಬರೀ ಡಬ್ಬಗಳು. ಒಳಗಿನ ಸಾಮಾನು, ಅಂದರೆ ಚಿತ್ರವನ್ನು ಒತ್ತಿ ಕುಗ್ಗಿಸಿಟ್ಟ ಬಗೆ, ಬೇರೆ. ಡಿವಿಡಿಯಲ್ಲಿ ಸಾಮಾನ್ಯವಾಗಿ ಎಂಪೆಗ್-2, ಮೊಬೈಲಿಗೆ ಒಗ್ಗುವುದು ಎಚ್.264. ಸಾಮಾನು ಒಗ್ಗುವಂಥದ್ದೇ ಆಗಿದ್ದು ಡಬ್ಬ ಮಾತ್ರ ಬೇರೆಯಾಗಿದ್ದರೆ ಕೆಲಸ ಸುಲಭ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶವಿದೆ, 2000ರಲ್ಲಿ ಫಾಬ್ರಿಸ್ ಬೆಲ್ಲಾರ್ ಶುರು ಮಾಡಿದ್ದು. ಅದಕ್ಕೆ "ಕಾಪಿ" ಅಂದರೆ ಒಂದು ಗಂಟೆಯ ವಿಡಿಯೋವನ್ನೂ ಚಹಾ ಆರುವುದರೊಳಗೆ ಬೇರೆ ಡಬ್ಬಕ್ಕೆ ಸುರಿದುಬಿಡುತ್ತದೆ. ಚಿತ್ರ ಒಂದಿಷ್ಟೂ ಕೆಡುವುದಿಲ್ಲ. ಇದು ಗೊತ್ತಿಲ್ಲದ ಕಾಲದಲ್ಲಿ ನಾನೂ ರಾತ್ರಿಯಿಡೀ ಕಂಪ್ಯೂಟರ್ ಬಿಸಿ ಮಾಡಿದವನೇ.

ಶೆಟ್ರ ಡಿವಿಡಿಗೆ ಮಾತ್ರ ನಿಜವಾದ ಪರಿವರ್ತನೆಯೇ ಬೇಕಿತ್ತು. ಆದರೆ ಕತ್ತರಿಸುವುದು ಮೊದಲೋ, ಪರಿವರ್ತನೆ ಮೊದಲೋ?

ಶೆಟ್ರಿಗೆ ಅವರ ಜಮೆ-ಖರ್ಚಿನ ಪುಸ್ತಕದ ಲೆಕ್ಕದಲ್ಲೇ ಹೇಳಿದೆ. ವಿಡಿಯೋದಲ್ಲಿ ಎಲ್ಲ ಚಿತ್ರಗಳೂ ಪೂರ್ತಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ತಿ ಚಿತ್ರ, ಅದು ಕೀಫ್ರೇಮ್, ಪುಟದ ಮೇಲಿನ ಆರಂಭ ಶಿಲ್ಕು. ನಡುವಿನವು ಬರೀ ಜಮೆ-ಖರ್ಚು: ಕೈ ಇಷ್ಟು ಸರಿಯಿತು, ಕಿರೀಟ ಇಷ್ಟು ಬಾಗಿತು. ಪುಟದ ಮಧ್ಯದಿಂದ ಹರಿದು ಕೊಟ್ಟರೆ ಶಿಲ್ಕು ಎಷ್ಟೆಂದು ಯಾರಿಗೆ ಗೊತ್ತು? ಹಾಗಾಗಿಯೇ ಕಂಡಕಂಡಲ್ಲಿ ಕತ್ತರಿಸಿದ ವಿಡಿಯೋದಲ್ಲಿ ಮೊದಲು ಚೆಂಡೆ ಮಾತ್ರ ಕೇಳುತ್ತದೆ, ಚಿತ್ರ ಕಲ್ಲಾಗಿ ನಿಂತಿರುತ್ತದೆ.

ನಮ್ಮ ಡಿವಿಡಿಗಳಲ್ಲಿ ಸೆಕೆಂಡಿಗೆ 25 ಚಿತ್ರ, ಸುಮಾರು ಅರ್ಧ ಸೆಕೆಂಡಿಗೊಂದು ಶಿಲ್ಕು. ಎಚ್.264ಕ್ಕೆ ಬದಲಾಯಿಸಿದ ಮೇಲೆ ಒಂದು ಶಿಲ್ಕಿನಿಂದ ಇನ್ನೊಂದಕ್ಕೆ 10 ಸೆಕೆಂಡು ಆಗುವುದೂ ಉಂಟು. ಹಾಗಾಗಿ ಮೊದಲು ಲಾಸ್‌ಲೆಸ್‌ಕಟ್ ಎಂಬ ಕತ್ತರಿಸುವ ತಂತ್ರಾಂಶದಲ್ಲಿ, ಪ್ರವೇಶಕ್ಕಿಂತ ಒಂದೆರಡು ಸೆಕೆಂಡು ಹಿಂದಿನ ಕೀಫ್ರೇಮಿನಲ್ಲೇ ಕತ್ತರಿಸಿದೆ. ಆಮೇಲೆ ಆ ತುಂಡನ್ನಷ್ಟೇ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶಕ್ಕೆ ಕೊಟ್ಟೆ. ಗುಣಮಟ್ಟದ ಅಂಕ 20. ಅಂಕ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು.

ಆದರೂ ಮೊದಲ ಸಲ ಎಡವಿದೆ. ಭೀಮ ದಿಗಿಣ ಹಾಕಿದಾಗಲೆಲ್ಲ ವೇಷದ ಅಂಚು ಬಾಚಣಿಗೆಯ ಹಲ್ಲಿನಂತೆ ಗೆರೆಗೆರೆ. ಹಳೆಯ ಕ್ಯಾಮರಾಗಳು ಒಂದು ಚಿತ್ರದ ಸಮ ಗೆರೆಗಳನ್ನು ಒಮ್ಮೆ, ಬೆಸ ಗೆರೆಗಳನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಬಿಟ್ಟು ಇನ್ನೊಮ್ಮೆ ಹಿಡಿಯುತ್ತಿದ್ದವು. ಅಷ್ಟರಲ್ಲಿ ಭೀಮ ಅರ್ಧ ತಿರುಗಿರುತ್ತಾನೆ! ಈ ಗೆರೆಗಳನ್ನು ಸರಿಪಡಿಸುವ ಡೀಇಂಟರ್‌ಲೇಸ್ ಆಯ್ಕೆ ಹಾಕಿ ಮತ್ತೆ ಮಾಡಿದೆ. ಮೂಲ ತುಂಡು ಅಳಿಸದೆ ಇಟ್ಟಿದ್ದೆ, ಬಚಾವು.

ಶೆಟ್ರು ಮೊಬೈಲು ಕೈಗೆ ತಗೊಂಡರು. ಪ್ರವೇಶಕ್ಕೆ ಮೊದಲಿನ ಆ ಎರಡು ಸೆಕೆಂಡು, ಸಭೆಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. "ಅದನ್ನು ಬೇಕಾದರೆ ತೆಗೀತೇನೆ" ಅಂದೆ.

"ತೆಗೀಬೇಡಿ" ಅಂದರು. "ಅದು ನಾನೇ."